ಮಲಗುವ ಮುಂಚೆ ಒಂದು ಕರೆ

ಮಾನ್ಯರೇ,

ಸಂತೋಷವಾಗಿರುವುದು ಹೇಗೆ ಎಂದು ಹೇಳುವ ಬರಹಗಳಲ್ಲಿ ಬೆಳಗ್ಗೆ ಐದಕ್ಕೆ ಏಳಿ ಅನ್ನುವ ಉಪದೇಶವೇ ಜಾಸ್ತಿ. ನಾನೂ ಎದ್ದು ನೋಡಿದೆ. ಮೂರೇ ದಿನ! ದಿನವಿಡೀ ತೂಕಡಿಸಿ, ಸಿಕ್ಕವರ ಮೇಲೆಲ್ಲ ರೇಗಾಡಿದ್ದಷ್ಟೇ ಲಾಭ.

ನನಗೆ ಒಗ್ಗಿದ್ದು ಬೇರೆ. ಮಲಗುವ ಮುಂಚೆ ತಂಗಿಗೆ ಒಂದು ಕರೆ ಮಾಡುತ್ತೇನೆ. ಆಮೇಲೆ ಫೋನ್ ಪಕ್ಕದ ಕೋಣೆಗೆ. ಮೊದಮೊದಲು ಕತ್ತಲಲ್ಲಿ ಕೈ ತಾನಾಗಿಯೇ ದಿಂಬಿನಡಿ ತಡಕಾಡುತ್ತಿತ್ತು. ಈಗ ನಿದ್ದೆ ಬೇಗ ಹತ್ತುತ್ತದೆ. ಮಾತಾದರೂ ಏನು, ಅವಳ ಮಗನ ಹಲ್ಲು ಬಿದ್ದಿದ್ದು, ನನ್ನ ಕನ್ನಡಕ ಕಳೆದಿದ್ದು, ಅಷ್ಟೇ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಶುರುವಾದ ಅಧ್ಯಯನವೊಂದು ಜನರ ಬದುಕನ್ನು ದಶಕಗಟ್ಟಲೆ ಗಮನಿಸುತ್ತಾ ಬಂದಿದೆ. ನಮ್ಮವರ ಜೊತೆಗಿನ ಒಳ್ಳೆಯ ಒಡನಾಟವೇ ಸಂತೋಷಕ್ಕೂ ಆರೋಗ್ಯಕ್ಕೂ ದೊಡ್ಡ ಆಸರೆ ಎಂಬುದು ಅದರ ಮುಖ್ಯ ಮಾತು. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯುವುದು, ಹೊತ್ತಿಗೆ ಸರಿಯಾಗಿ ಮಲಗುವುದು, ಇವೂ ಬೇಕು ಬಿಡಿ. ಆದರೆ ನಡೆಯುವಾಗಲೂ ಜೊತೆಗೊಬ್ಬರಿದ್ದರೆ ದಾರಿ ಸವೆದಿದ್ದೇ ತಿಳಿಯುವುದಿಲ್ಲ, ಅಲ್ವಾ?

ನಿನ್ನೆ ಕರೆ ಮಾಡಲು ಮರೆತಿದ್ದೆ. ಹತ್ತೇ ನಿಮಿಷಕ್ಕೆ ತಂಗಿಯದೇ ಕರೆ ಬಂತು: "ಏನೋ, ಮಲಗಿಬಿಟ್ಟೆಯಾ?"

– ಒಬ್ಬ ಓದುಗ