ನೋಟು ತಗೊಳ್ಳುವ ಕೌಂಟರ್ ಇರಲಿ: ಹಣಕಾಸು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಹಣಕಾಸು ಸಚಿವರಾದ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರ ಮೇಡಂ.

ನೀವು ರಾಜ್ಯಸಭೆಗೆ ಹೋಗಿರುವುದು ನಮ್ಮ ಕರ್ನಾಟಕದಿಂದ. 2016ರಲ್ಲೂ ಇಲ್ಲಿಂದಲೇ, 2022ರಲ್ಲೂ ಇಲ್ಲಿಂದಲೇ. ಅದಕ್ಕೇ ಈ ಪತ್ರವನ್ನು ಬೇರೆ ಯಾರಿಗೂ ಅಲ್ಲದೆ ನಿಮಗೇ ಬರೆಯುತ್ತಿದ್ದೇನೆ. ದಾವಣಗೆರೆಯಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಚಟ್ನಿಪುಡಿ ಮಾರುವ ಚಿಕ್ಕ ಅಂಗಡಿ ನನ್ನದು. ನಾನು ಯಾವ ಪಕ್ಷದವಳೂ ಅಲ್ಲ. ಇದನ್ನು ಮೊದಲೇ ಹೇಳಿಕೊಳ್ಳಬೇಕಾದ ಕಾಲ ಬಂದಿದೆ, ಯಾಕೆ ಅಂತ ಮುಂದೆ ಬರೆದಿದ್ದೇನೆ.

ನಾನು ಕೇಳುವುದು ಇಷ್ಟೇ. ಜನರಿಂದ ದುಡ್ಡು ತಗೊಳ್ಳುವ ಯಾವ ಕೌಂಟರ್ ಆದರೂ ಸರಿ, ಸರ್ಕಾರದ್ದಿರಲಿ, ಖಾಸಗಿಯವರದ್ದಿರಲಿ, ಅಲ್ಲಿ ನೋಟು ತಗೊಳ್ಳಲೇಬೇಕು ಅಂತ ಕಾನೂನು ಮಾಡಿ. ಫೋನಿನಲ್ಲಿ ಕೊಡುವವರು ಫೋನಿನಲ್ಲೇ ಕೊಡಲಿ, ಅದನ್ನು ಯಾರೂ ಬೇಡ ಅನ್ನುತ್ತಿಲ್ಲ. ನೋಟು ಕೊಟ್ಟವರನ್ನು ವಾಪಸ್ ಕಳಿಸಬಾರದು.

ನನ್ನ ಅಂಗಡಿಯಲ್ಲೂ ಸ್ಕ್ಯಾನರ್ ಇದೆ. ದುಡ್ಡು ಬಂತು ಅಂತ ಕೂಗುವ ಡಬ್ಬಿಯೂ ಇದೆ. ಅದರಿಂದ ಆಗಿರುವ ಉಪಕಾರವನ್ನು ನಾನು ಮರೆತಿಲ್ಲ. ಚಿಲ್ಲರೆ ಇಲ್ಲದಾಗ ಗಿರಾಕಿ ಕೈಗೆ ಚಾಕೊಲೇಟ್ ಕೊಟ್ಟು ಕಳಿಸುವುದು ತಪ್ಪಿತು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದು ಕೊಟ್ಟು, ಇಳಿಯುವಾಗ ನಾವು ಅದನ್ನು ಮರೆತು ಹೋಗುತ್ತಿದ್ದೆವಲ್ಲ, ಅದೂ ಕಮ್ಮಿ ಆಯಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐನಲ್ಲಿ 2,000 ಕೋಟಿಗೂ ಹೆಚ್ಚು ಸಲ ದುಡ್ಡು ಕೈ ಬದಲಾಯಿತು. ಅದರಲ್ಲಿ ನನ್ನ ಹಪ್ಪಳದ ದುಡ್ಡೂ ಇದೆ. ಒಳ್ಳೆಯ ವ್ಯವಸ್ಥೆ ಅದು. ನಾನು ಅದರ ವಿರೋಧಿ ಅಲ್ಲ.

ಈಗ ನನ್ನ ತಾಯಿಗೆ ಆದದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಅಮ್ಮನಿಗೆ ಎಪ್ಪತ್ತು ದಾಟಿದೆ. ಹಳ್ಳಿಯಲ್ಲೇ ಇದ್ದಾರೆ. ಕೈಯಲ್ಲಿರುವುದು ಕೀಪ್ಯಾಡ್ ಫೋನು. ಹಸಿರು ಬಟನ್ ಒತ್ತಿದರೆ ಮಾತು, ಕೆಂಪು ಒತ್ತಿದರೆ ಮುಗಿಯಿತು. ಗೃಹಲಕ್ಷ್ಮಿ ದುಡ್ಡು ಬಂದರೆ ಬ್ಯಾಂಕಿಗೆ ಹೋಗಿ ಬಿಡಿಸಿಕೊಂಡು ಬಂದು, ಎಲೆ ಅಡಿಕೆ ಸಂಚಿಯ ಒಳಗಿನ ಪದರದಲ್ಲಿ ನಾಲ್ಕು ಮಡಿಕೆ ಮಾಡಿ ಇಡುತ್ತಾರೆ. ಓದು ಬರಹ ಅಷ್ಟಾಗಿ ಬರುವುದಿಲ್ಲ. ಆದರೆ ಬಣ್ಣ ನೋಡಿ, ಅಳತೆ ನೋಡಿ ಯಾವ ನೋಟು ಅಂತ ಹೇಳುತ್ತಾರೆ. ಲೆಕ್ಕದಲ್ಲಿ ಇವತ್ತಿಗೂ ಯಾರೂ ಅವರಿಗೆ ಮೋಸ ಮಾಡುವ ಹಾಗಿಲ್ಲ.

ಒಂದು ದಾಖಲೆಯ ನಕಲು ಬೇಕಿತ್ತು. ಪಕ್ಕದ ಮನೆಯವರ ಜೊತೆ ಬಸ್ಸು ಹತ್ತಿ ಒಂದು ಕಚೇರಿಗೆ ಹೋದರು. ಶುಲ್ಕ ಐವತ್ತು ರೂಪಾಯಿ. ಐವತ್ತರ ನೋಟು ಚಾಚಿದರೆ ಕೌಂಟರಿನಲ್ಲಿದ್ದವರು, "ಅಜ್ಜಿ, ಕ್ಯಾಶ್ ನಡೆಯಲ್ಲ, ಸ್ಕ್ಯಾನ್ ಮಾಡಿ" ಅಂದರಂತೆ. ಅಮ್ಮ, "ಯಾಕಪ್ಪಾ, ಕಳ್ಳನೋಟಾ ಇದು?" ಅಂತ ಕೇಳಿದರಂತೆ. ಹಿಂದೆ ನಿಂತವರು ನಕ್ಕರಂತೆ. ಮನೆಗೆ ಬಂದ ಮೇಲೂ ಅಮ್ಮನಿಗೆ ಆ ನಗುವೇ ಜಾಸ್ತಿ ನೋವು ಕೊಟ್ಟಿತ್ತು.

ನಾನು ಅಂಗಡಿ ಮುಚ್ಚಿ ಅಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಹೊರಗೆ ಮರದ ಕೆಳಗೆ ಒಬ್ಬ ಹುಡುಗ ಸ್ಟೂಲ್ ಹಾಕಿಕೊಂಡು ಕೂತಿದ್ದ. ಎದುರಿಗೆ ಹತ್ತು ಹದಿನೈದು ಜನ, ಎಲ್ಲ ವಯಸ್ಸಾದವರು, ಹಳ್ಳಿಯವರು. ಇವರ ನೋಟು ತಗೊಂಡು, ತನ್ನ ಫೋನಿನಿಂದ ಶುಲ್ಕ ಕಟ್ಟಿ, ಸ್ಕ್ರೀನ್‌ಶಾಟನ್ನು ಕೌಂಟರಿನವರಿಗೆ ತೋರಿಸಿ ಬರುವುದು ಅವನ ಕೆಲಸ. ಅದಕ್ಕೆ ತಲೆಗೆ ಮೂವತ್ತು ರೂಪಾಯಿ. ಐವತ್ತರ ಕೆಲಸಕ್ಕೆ ಎಂಬತ್ತು! ಮೇಡಂ, ದಲ್ಲಾಳಿಗಳನ್ನು ತೆಗೆಯುತ್ತೇವೆ ಅಂತಲೇ ಅಲ್ವಾ ಇದನ್ನೆಲ್ಲ ತಂದದ್ದು? ಕಚೇರಿಯ ಬಾಗಿಲಲ್ಲೇ ಹೊಸ ದಲ್ಲಾಳಿ ಹುಟ್ಟಿಕೊಂಡಿದ್ದಾನೆ. ಅವನು ತಗೊಳ್ಳುವುದೂ ನೋಟನ್ನೇ.

ನಾನು ಒಳಗೆ ಹೋಗಿ, ನೋಟು ತಗೊಳ್ಳಬಾರದು ಅನ್ನುವ ಆದೇಶ ತೋರಿಸಿ ಅಂದೆ. "ಮೇಲಿನಿಂದ ಹೇಳಿದ್ದಾರೆ" ಅಂದರು. ಬರವಣಿಗೆಯಲ್ಲಿ ಕೊಡಿ ಅಂದೆ. ಅದಕ್ಕೆ ಆ ಮನುಷ್ಯ ಏನಂದರು ಗೊತ್ತಾ? "ನಿಮ್ಮಂಥೋರಿಂದಾನೇ ದೇಶ ಮುಂದಕ್ಕೆ ಹೋಗ್ತಿಲ್ಲ. ನೀವು ಆ ಪಾರ್ಟಿಯವರಾ?"

ಐವತ್ತು ರೂಪಾಯಿ ನೋಟು ಕೈಯಲ್ಲಿ ಹಿಡಿದು ನಿಂತವಳನ್ನು ಯಾವ ಪಾರ್ಟಿ ಅಂತ ಕೇಳಿದರು. ಆವತ್ತೇ ಈ ಪತ್ರ ಬರೆಯಬೇಕು ಅಂತ ನಿಶ್ಚಯ ಮಾಡಿದೆ.

ಇದು ಆ ಒಬ್ಬ ಮನುಷ್ಯನ ಮಾತಲ್ಲ ಮೇಡಂ. ನನ್ನ ಅಂಗಡಿಯ ಮುಂದೆಯೂ ದಿನಾ ಇದೇ ಜಗಳ. ನೋಟು ಕೊಡುವವರನ್ನು ನೋಡಿ ಒಬ್ಬರು, ಕಪ್ಪುಹಣದವರು, ಮೋದಿ ಮೇಲೆ ಸಿಟ್ಟು ಅನ್ನುತ್ತಾರೆ. ಫೋನ್ ತೋರಿಸುವವರನ್ನು ನೋಡಿ ಇನ್ನೊಬ್ಬರು, ಭಕ್ತರು ಅನ್ನುತ್ತಾರೆ. ನೋಟು ರದ್ದಾದ 2016ರ ನವೆಂಬರ್ 8ರ ರಾತ್ರಿಯಿಂದ ಹೀಗೇ ಆಗಿದೆ. ಜೇಬಿನಲ್ಲಿ ನೋಟಿದೆಯಾ ಫೋನಿದೆಯಾ ಅನ್ನುವುದು ಅವರವರ ಅನುಕೂಲದ ಮಾತು. ಅದಕ್ಕೆ ಪಕ್ಷದ ಬಣ್ಣ ಬಳಿದುಬಿಟ್ಟರು. ಬಣ್ಣ ಬಳಿದದ್ದರಲ್ಲಿ ಎರಡೂ ಕಡೆಯವರ ಪಾಲಿದೆ. ನನ್ನ ತಮ್ಮ ಒಂದು ಪಕ್ಷ, ಮೈದುನ ಇನ್ನೊಂದು. ಹಬ್ಬದ ಊಟಕ್ಕೆ ಕೂತರೆ ಈ ಮಾತು ಎತ್ತುವ ಹಾಗಿಲ್ಲ. ಅಮ್ಮನ ಐವತ್ತು ರೂಪಾಯಿ ಬಗ್ಗೆ ಮಾತ್ರ ಇಬ್ಬರಿಗೂ ಉತ್ತರ ಇಲ್ಲ.

2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ನಡೆದದ್ದು ನಿಮಗೆ ಗೊತ್ತೇ ಇದೆ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಚಿಕ್ಕ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ಕಟ್ಟು ಅಂತ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೂ ಖಾತೆಗೆ ಬಂದ ದುಡ್ಡನ್ನೆಲ್ಲ ಕೂಡಿದರು. ಜಿಎಸ್‌ಟಿ ನೋಂದಣಿಗೆ ಇರುವ ವರ್ಷಕ್ಕೆ 40 ಲಕ್ಷ ವಹಿವಾಟಿನ ಮಿತಿ ದಾಟಿದೆ ಅಂದರು. ಬೆಂಗಳೂರಿನಲ್ಲಿ ಟೀ ಅಂಗಡಿ, ಬೇಕರಿ, ಕಾಂಡಿಮೆಂಟ್ಸ್‌ನವರು ಸ್ಕ್ಯಾನರ್ ಕಿತ್ತು ಹಾಕಿ, "ನೋ ಯುಪಿಐ, ಓನ್ಲಿ ಕ್ಯಾಶ್" ಅಂತ ಕೈಬರಹದಲ್ಲಿ ಬರೆದು ಅಂಟಿಸಿದರು. ನಿನ್ನೆವರೆಗೆ ನೋಟು ಹಿಡಿದವನು ದೇಶದ್ರೋಹಿ, ಇವತ್ತು ಸ್ಕ್ಯಾನರ್ ಇಟ್ಟವನು ತೆರಿಗೆಗಳ್ಳ. ಆಗ ದಿಲ್ಲಿಯವರು, ನೋಟಿಸ್ ಕೊಟ್ಟದ್ದು ರಾಜ್ಯ ಅಂದರು. ಬೆಂಗಳೂರಿನವರು, ಜಿಎಸ್‌ಟಿ ಮಾಡಿದ್ದು ಕೇಂದ್ರ ಅಂದರು. ಜುಲೈ 25ಕ್ಕೆ ಬಂದ್ ಕರೆ ಕೊಟ್ಟ ಮೇಲೆ ಮುಖ್ಯಮಂತ್ರಿಗಳು ಕರೆದು ಮಾತಾಡಿದರು, ಹಳೇ ಬಾಕಿ ಬಿಡುತ್ತೇವೆ ಅಂದರು. ಅಲ್ಲಿವರೆಗೆ ನಾವು ರಾತ್ರಿ ಬಾಗಿಲು ಹಾಕಿಕೊಂಡು ಹಳೇ ಪಾಸ್‌ಬುಕ್ ತಿರುವಿ ಹಾಕುತ್ತಿದ್ದೆವು. ಅಕ್ಕನ ಮಗಳ ಮದುವೆಗೆ ನಾವು ಕೊಟ್ಟಿದ್ದ ಕೈಸಾಲ ವಾಪಸ್ ಬಂದದ್ದೂ ಅದೇ ಖಾತೆಗೆ. ಅದನ್ನೂ ವ್ಯಾಪಾರ ಅಂದುಬಿಟ್ಟರೆ ಏನು ಗತಿ ಅಂತ ನನಗೂ ಗಂಡನಿಗೂ ನಿದ್ದೆ ಇರಲಿಲ್ಲ.

ತೆರಿಗೆ ಕಟ್ಟಬೇಕಾದವರು ಕಟ್ಟಲಿ. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಒಂದು ದಾರಿಗೆ ನೂಕುವುದು, ಆಮೇಲೆ ಆ ದಾರಿಯಲ್ಲಿ ನಡೆದದ್ದಕ್ಕೇ ಹೆದರಿಸುವುದು, ಇದು ಯಾವ ನ್ಯಾಯ? ಎರಡೂ ದಾರಿ ತೆರೆದಿಟ್ಟು, ಯಾವುದರಲ್ಲಿ ನಡೆದರೂ ಮರ್ಯಾದೆ ಕೊಡಿ.

ಕಾನೂನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ರಿಸರ್ವ್ ಬ್ಯಾಂಕ್ ಕಾಯ್ದೆ 1934ರದ್ದು. ಅದರ 26ನೇ ಕಲಮು ನೋಟು ದೇಶದ ಯಾವ ಮೂಲೆಯಲ್ಲೂ ನಡೆಯಬೇಕು ಅನ್ನುತ್ತದೆ. ಹೀಗಿರುವಾಗ ಕೌಂಟರಿನಲ್ಲಿ ನಡೆಯುವುದಿಲ್ಲ ಅಂದರೆ ಅಮ್ಮ ಎಲ್ಲಿ ಹೋಗಿ ಕೇಳಬೇಕು? 2019ರ ಜುಲೈ ಬಜೆಟ್ಟಿನಲ್ಲಿ ನೀವೇ ಒಂದು ನಿಯಮ ತಂದಿರಿ. 50 ಕೋಟಿಗಿಂತ ಜಾಸ್ತಿ ವಹಿವಾಟಿನವರು ಡಿಜಿಟಲ್ ಪಾವತಿಗೆ ಅವಕಾಶ ಕೊಡಲೇಬೇಕು, ಕೊಡದಿದ್ದರೆ ದಿನಕ್ಕೆ 5,000 ರೂಪಾಯಿ ದಂಡ. ಸರಿಯಾದ ನಿಯಮ. ಗಿರಾಕಿಗೆ ಆಯ್ಕೆ ಇರಬೇಕು ಅಂತ ತಾನೇ ಅದು? ಹಾಗಾದರೆ ಅದೇ ಆಯ್ಕೆ ನೋಟು ಹಿಡಿದವರಿಗೂ ಇರಲಿ. ಫೋನ್ ಬೇಡ ಅಂದವರಿಗೆ ದಂಡ ಇದ್ದರೆ ನೋಟು ಬೇಡ ಅಂದವರಿಗೂ ದಂಡ ಇರಲಿ.

ಟೋಲ್ ಗೇಟಿನಲ್ಲಂತೂ ಸರ್ಕಾರವೇ ನೋಟಿಗೆ ಬೆಲೆ ಕಟ್ಟಿಬಿಟ್ಟಿತು. 2025ರ ನವೆಂಬರ್ 15ರ ನಿಯಮದ ಪ್ರಕಾರ, ಫಾಸ್ಟ್ಯಾಗ್ ಇದ್ದರೆ ನೂರು ರೂಪಾಯಿ ಆಗುವ ಕಡೆ ಅದು ಕೆಲಸ ಮಾಡದಿದ್ದರೆ ಯುಪಿಐಗೆ ನೂರ ಇಪ್ಪತ್ತೈದು, ನೋಟಿಗೆ ಇನ್ನೂರು ಅಂತಾಯಿತು. ಗಾಡಿ ಸಾಲು ನಿಲ್ಲಬಾರದು ಅನ್ನುವುದು ಅರ್ಥವಾಗುತ್ತದೆ. ಆದರೆ ನಿಮ್ಮದೇ ಸರ್ಕಾರದ ನೋಟನ್ನು ಕೊಟ್ಟದ್ದಕ್ಕೆ ಡಬಲ್ ತಗೊಂಡದ್ದನ್ನು ನೋಡಿದ ಕೌಂಟರಿನವರು, ನೋಟು ಅಂದರೆ ತಪ್ಪು ಅಂದುಕೊಳ್ಳದೆ ಇನ್ನೇನು ಮಾಡುತ್ತಾರೆ?

ಕೀಪ್ಯಾಡ್ ಫೋನಿಗೂ 2022ರಿಂದ ಯುಪಿಐ ಇದೆಯಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಇದೆ. ಅಮ್ಮನಿಗೆ ನಾನೇ ಹೇಳಿಕೊಡಲು ನೋಡಿದೆ. ನಂಬರ್ ಒತ್ತಬೇಕು, ಮೆನು ಕೇಳಬೇಕು, ಪಿನ್ ಹಾಕಬೇಕು. ಅಮ್ಮ ಪಿನ್ ನಂಬರನ್ನು ಜೋರಾಗಿ ಹೇಳಿಕೊಳ್ಳುತ್ತಲೇ ಒತ್ತುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಹಾಗೆ ಮಾಡಿದರೆ ಖಾತೆಯಲ್ಲಿ ಏನು ಉಳಿಯುತ್ತದೆ ಹೇಳಿ. ನಾನು ಅವರಿಗೆ ಅದನ್ನು ಬೇಡ ಅಂದಿದ್ದೇನೆ. ನೋಟೇ ಅವರಿಗೆ ಕ್ಷೇಮ.

ಇನ್ನು 2025ರ ಏಪ್ರಿಲ್ 12, ಶನಿವಾರ. ದೇಶದ ತುಂಬಾ ಯುಪಿಐ ಕೈಕೊಟ್ಟಿತು. ಅದಕ್ಕೆ ಸ್ವಲ್ಪ ದಿನ ಮುಂಚೆ ಮಾರ್ಚ್ 26ರಂದೂ ಹಾಗೇ ಆಗಿತ್ತು. ಫೋನ್ ಇದ್ದವರೂ ಸಾಮಾನು ಕೆಳಗಿಟ್ಟು ಹೋಗಬೇಕಾದ ಸ್ಥಿತಿ. ಅಂಥ ಹೊತ್ತಿನಲ್ಲಿ ಎಲ್ಲರನ್ನೂ ಕಾಪಾಡುವುದು ನೋಟೇ. ಅದೇ ನೋಟಿಗೆ ಬಾಗಿಲು ಹಾಕಿದರೆ ಹೇಗೆ?

ಸ್ವದೇಶಿ ಅನ್ನುವ ಮಾತು ನಿಮ್ಮ ಪಕ್ಷದವರು ತುಂಬಾ ಆಡುತ್ತಾರೆ. ಯುಪಿಐ ನಮ್ಮದೇ, ಹೆಮ್ಮೆ ಪಡಬೇಕಾದದ್ದೇ. ಆದರೆ ಅದರ ವಹಿವಾಟಿನಲ್ಲಿ ಹತ್ತರಲ್ಲಿ ಎಂಟು ಪಾಲು ನಡೆಯುವುದು ಎರಡೇ ಆಪ್‌ಗಳಲ್ಲಿ. ಒಂದು ಗೂಗಲ್‌ನದ್ದು. ಇನ್ನೊಂದು ಫೋನ್‌ಪೇ, ಅದರಲ್ಲಿ ದೊಡ್ಡ ಪಾಲು ವಾಲ್‌ಮಾರ್ಟ್‌ನದ್ದು. ಯಾವ ಆಪೂ ನೂರಕ್ಕೆ 30 ಪಾಲು ದಾಟಬಾರದು ಅಂತ 2020ರಲ್ಲಿ ನಿಯಮ ಬಂತು. ಅದರ ಗಡುವು ಮುಂದಕ್ಕೆ ಹೋಗುತ್ತಾ ಹೋಗುತ್ತಾ 2026ರ ಕೊನೆಗೆ ಬಂದು ನಿಂತಿದೆ. ಅವರಿಗೆ ಇಷ್ಟು ಕಾಲಾವಕಾಶ ಕೊಟ್ಟಿದ್ದೀರಿ. ನನ್ನ ತಾಯಿಗೆ ಒಂದು ಕೌಂಟರ್ ಕೊಡಲು ಏನು ಕಷ್ಟ?

ನೋಟಿನ ಕಾಲ ಮುಗಿಯಿತು ಅಂತ ಯಾರಾದರೂ ನಿಮಗೆ ಹೇಳಿದರೆ ರಿಸರ್ವ್ ಬ್ಯಾಂಕ್ ಲೆಕ್ಕ ತರಿಸಿ ನೋಡಿ. ನೋಟು ರದ್ದಾಗುವ ಹೊತ್ತಿಗೆ ಜನರ ಕೈಯಲ್ಲಿ ಹೆಚ್ಚುಕಮ್ಮಿ 18 ಲಕ್ಷ ಕೋಟಿಯ ನೋಟಿತ್ತು. 2025ರ ಮಾರ್ಚ್‌ಗೆ 36 ಲಕ್ಷ ಕೋಟಿ ದಾಟಿತ್ತು. ಜನ ಎರಡನ್ನೂ ಇಟ್ಟುಕೊಂಡಿದ್ದಾರೆ. ಅವರಿಗೆ ಎರಡೂ ಬೇಕು.

ಇನ್ನೊಂದು ಮಾತು. ನಾನು ಯಾವ ಮಾತ್ರೆ ಕೊಂಡೆ, ಯಾವ ಪುಸ್ತಕ ಕೊಂಡೆ, ಯಾವ ದೇವಸ್ಥಾನಕ್ಕೋ ದರ್ಗಾಕ್ಕೋ ಕಾಣಿಕೆ ಹಾಕಿದೆ ಅನ್ನುವುದು ಯಾವ ಕಂಪ್ಯೂಟರಿನಲ್ಲೂ ಉಳಿಯಬಾರದು ಅಂತ ನನಗೆ ಅನ್ನಿಸಿದರೆ ಅದು ತಪ್ಪಾ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆ ಹಕ್ಕನ್ನು ಉಳಿಸಿಕೊಳ್ಳಲು ನನ್ನಂಥವಳಿಗೆ ಇರುವ ಅತಿ ಸುಲಭದ ದಾರಿ ನೋಟು ಕೊಡುವುದು.

ನಾರ್ವೆಯಲ್ಲಿ ನೋಟು ಬಳಸುವವರು ತೀರಾ ಕಮ್ಮಿ. ಅವರೇ 2024ರ ಅಕ್ಟೋಬರ್‌ನಲ್ಲಿ ನಗದು ಕೊಡುವ ಹಕ್ಕನ್ನು ಕಾನೂನಿನಲ್ಲಿ ಗಟ್ಟಿ ಮಾಡಿಕೊಂಡರು. ನ್ಯೂಯಾರ್ಕ್ ನಗರದಲ್ಲಿ 2020ರಿಂದಲೇ ಅಂಗಡಿಯವರು ನೋಟು ಬೇಡ ಅನ್ನುವ ಹಾಗಿಲ್ಲ. ಅವರನ್ನು ಯಾರೂ ಹಿಂದುಳಿದವರು ಅನ್ನುವುದಿಲ್ಲ.

ಮತ್ತೆ ಕೇಳುತ್ತೇನೆ ಮೇಡಂ. ನೋಟು ತಗೊಳ್ಳಲೇಬೇಕು ಅಂತ ಕಾನೂನು ಮಾಡಿ. ಅದಕ್ಕೆ ಸಮಯ ಹಿಡಿಯುತ್ತದೆ ಅಂದರೆ, ಮೊದಲು ನಿಮ್ಮ ಕೈಯಲ್ಲಿರುವ ಕೇಂದ್ರ ಸರ್ಕಾರದ ಕಚೇರಿಗಳಿಗೆ ಸುತ್ತೋಲೆ ಕಳಿಸಿ. ಎಲ್ಲ ರಾಜ್ಯಗಳಿಗೂ ಹಾಗೇ ಮಾಡಿ ಅಂತ ಪತ್ರ ಬರೆಯಿರಿ. "ಇಲ್ಲಿ ನಗದು ಸ್ವೀಕರಿಸಲಾಗುತ್ತದೆ" ಅಂತ ಕನ್ನಡದಲ್ಲಿ ಒಂದು ಬೋರ್ಡು ಹಾಕಿಸಿ. ಇಲ್ಲ ಅಂದವರ ಮೇಲೆ ದೂರು ಕೊಡಲು ಒಂದು ಫೋನ್ ನಂಬರ್ ಇರಲಿ, ಆಪ್ ಬೇಡ, ಕೀಪ್ಯಾಡ್ ಫೋನಿನಿಂದ ಕರೆ ಮಾಡುವ ಹಾಗಿರಲಿ. ಅಮ್ಮನಿಗೆ ಆ ದಾಖಲೆಯ ಇನ್ನೊಂದು ನಕಲು ಬೇಕಾಗಿದೆ. ಮೂವತ್ತು ರೂಪಾಯಿ ದಂಡ ಕಟ್ಟದೆ ಅದು ಅವರ ಕೈಗೆ ಸಿಗಬೇಕು.

ಇಂತಿ,
ಹಪ್ಪಳದ ಅಂಗಡಿಯವಳು
ದಾವಣಗೆರೆ