ನಿಮ್ಮ ಗುಂಡಿನ ಮೇಣದಲ್ಲಿ ಏನಿದೆ? ಐದನೇ ಸಲ ಕೇಳುತ್ತಿದ್ದೇನೆ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಅಮೆರಿಕದ ಕಂಪನಿಗೆ ಕನ್ನಡದಲ್ಲಿ ಪತ್ರ ಯಾಕೆ ಅಂತ ಕೇಳಬೇಡಿ. ಇದು ನನ್ನ ಹಠ ಅಲ್ಲ, ನಿಮ್ಮದೇ ನಿಯಮ. ನಿಮ್ಮ ದೂರಿನ ಫಾರಂ ಮೇಲೆ ಯಾವ ಭಾಷೆಯಲ್ಲಾದರೂ ಬರೆಯಬಹುದು, ನಮ್ಮಲ್ಲಿ ಓದುವವರಿದ್ದಾರೆ ಎಂದು ಇದೆ. ಇದ್ದಾರೆ, ನನಗೂ ಗೊತ್ತು. ಜುಲೈ 18ರಂದು ಅವರಲ್ಲಿ ಒಬ್ಬರ ಜೊತೆ 41 ನಿಮಿಷ ಮಾತಾಡಿದ್ದೇನೆ. ಆ ಕಥೆ ಮುಂದೆ ಬರುತ್ತೆ.

ಮೊದಲು ಲೆಕ್ಕ. ಮೇ ತಿಂಗಳಲ್ಲಿ ನಿಮ್ಮಿಂದ ಕೋವಿಯ ಗುಂಡಿಗೆ ಹಚ್ಚುವ ಮೇಣದ ಕಡ್ಡಿ 12 ತರಿಸಿದೆ. 84 ಡಾಲರ್, ಸಾಗಣೆಗೆ ಇನ್ನೊಂದು 11. ನಾನು ಕೇಳಿದ್ದು ನಡುವೆ ತೂತಿರುವ ಕಡ್ಡಿ, ನೀವು ಮೊದಲು ಕಳಿಸಿದ್ದು ಗಟ್ಟಿ ಕಡ್ಡಿ. ಅದನ್ನು ಬದಲಾಯಿಸಿಕೊಟ್ಟಿರಿ, ಥ್ಯಾಂಕ್ಸ್. ಆ ವಿಷಯ ಎತ್ತಲ್ಲ.

ಎತ್ತುವ ವಿಷಯ ಒಂದೇ. ನಿಮ್ಮ ವೆಬ್‌ಸೈಟಿನಲ್ಲಿ 'ಜೇನುಮೇಣ ಮತ್ತು ಸಸ್ಯದ ಎಣ್ಣೆ' ಎಂದಿತ್ತು. ಮನೆಗೆ ಬಂದ ಡಬ್ಬಿಯ ಮೇಲೆ 'ಜೇನುಮೇಣ ಮತ್ತು ನೈಸರ್ಗಿಕ ಎಣ್ಣೆ, ಕೊಬ್ಬು' ಎಂದಿದೆ. ಸಸ್ಯ ಎಲ್ಲಿ ಹೋಯಿತು? ಕೊಬ್ಬು ಎಲ್ಲಿಂದ ಬಂತು? ಯಾರ ಕೊಬ್ಬು? ಇಷ್ಟು ಕೇಳೋಕೆ ನಾನು ಎರಡು ಇಮೇಲ್ ಬರೆದೆ, ಎರಡು ಸಲ ಫೋನ್ ಮಾಡಿದೆ. ಇಮೇಲ್‌ಗೆ ಬಂದ ಉತ್ತರ: 'ನಮ್ಮ ಉತ್ಪನ್ನದ ಮೇಲಿನ ನಿಮ್ಮ ಪ್ರೀತಿಗೆ ಧನ್ಯವಾದ.' ನಾನು ಪ್ರೀತಿ ಅಂತ ಎಲ್ಲೂ ಬರೆದಿರಲಿಲ್ಲ.

ನಾನು ಯಾರು ಅಂತ ಸ್ವಲ್ಪ ಹೇಳಬೇಕು. ಊರು ಕೊಡಗು. 22 ವರ್ಷದಿಂದ ಫೀನಿಕ್ಸ್‌ನಲ್ಲಿದ್ದೇನೆ. 1874ರ ಶಾರ್ಪ್ಸ್ ಮಾದರಿಯ ನಕಲು ಕೋವಿ ಒಂದಿದೆ, ನಲವತ್ತೈದು-ಎಪ್ಪತ್ತು ತೋಟಾದ್ದು. ಅದರಲ್ಲಿ ಹಳೇ ಕಾಲದ ಕರಿಮದ್ದನ್ನೇ ಉರಿಸುತ್ತೇನೆ. ಗುಂಡು ನಾನೇ ಎರಕ ಹೊಯ್ಯುತ್ತೇನೆ. 20 ಪಾಲು ಸೀಸಕ್ಕೆ ಒಂದು ಪಾಲು ತವರ, ಒಂದೊಂದು ಗುಂಡು 520 ಗ್ರೇನ್, ಅಂದರೆ ಸುಮಾರು 34 ಗ್ರಾಂ. ಗುಂಡಿನ ಸೊಂಟದ ಸುತ್ತ ನಾಲ್ಕು ಗೆರೆ ಇರುತ್ತೆ. ಆ ಗೆರೆಯೊಳಗೆ ತುಂಬುವುದೇ ಈ ಮೇಣ. ಇದಿಲ್ಲದಿದ್ದರೆ ಸೀಸ ನಳಿಗೆಗೆ ಹತ್ತಿಕೊಳ್ಳುತ್ತೆ, ಕರಿಮದ್ದಿನ ಮಸಿ ಒಣಗಿ ಕಲ್ಲಾಗುತ್ತೆ. ಇದನ್ನೆಲ್ಲ ನಿಮಗೆ ಹೇಳುವುದು ಅಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಅಥವಾ ಹಾಗೆ ಅಂದುಕೊಂಡಿದ್ದೆ.

ಬೇರೆ ಮೇಣ ಇರಲಿಲ್ಲ ಅಂತಲ್ಲ. ಅರ್ಧ ಜೇನುಮೇಣ, ಅರ್ಧ ಅಲೋಕ್ಸ್ ಎಂಬ ಜಿಡ್ಡು ಹಾಕಿದ ಹಳೇ ಎನ್‌ಆರ್‌ಎ (ಅಮೆರಿಕದ ಕೋವಿದಾರರ ಸಂಘ) ಸೂತ್ರ ಈಗಿನ ಹೊಗೆಯಿಲ್ಲದ ಮದ್ದಿಗೆ ಚೆನ್ನಾಗಿದೆ. ಆದರೆ ಅಲೋಕ್ಸ್ ಪೆಟ್ರೋಲಿಯಂ ಮೂಲದ್ದು, ಕರಿಮದ್ದಿಗೆ ಆಗಿಬರಲ್ಲ. ಹೊಸ ಹುಡುಗರು ಗುಂಡಿಗೆ ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿಯ ಲೇಪ, ಮಾಡಿ ಒಲೆಯಲ್ಲಿ ಸುಡುತ್ತಾರೆ. ಕೆಂಪು, ನೀಲಿ, ಹಸಿರು, ಗೌರಿ ಹಬ್ಬದ ಬಳೆ ಅಂಗಡಿ ಥರ ಕಾಣುತ್ತೆ. ಹೊಗೆಯಿಲ್ಲದ ಮದ್ದಿಗೆ ಅದೂ ಸರಿಯೇ. ಕರಿಮದ್ದಿಗೆ ಮಾತ್ರ ಮಸಿಯನ್ನು ಮೆತ್ತಗಿಡುವ ಜಿಡ್ಡು ಬೇಕೇ ಬೇಕು. ನಮ್ಮ ತಾತ ಕೇಪಿನ ಕೋವಿಗೆ ಜೇನುಮೇಣ, ಕೊಬ್ಬರಿ ಎಣ್ಣೆ ಕಾಯಿಸಿ ಗುಂಡಿಗೆ ಸುತ್ತುವ ಬಟ್ಟೆಚೂರಿಗೆ ಸವರುತ್ತಿದ್ದರು. ಅವರ ಹತ್ತಿರ ಕಸ್ಟಮರ್ ಕೇರ್ ಇರಲಿಲ್ಲ. ಏನು ಹಾಕಿದ್ದೀರಿ ಅಂತ ಕೇಳಿದರೆ ಹೇಳುತ್ತಿದ್ದರು.

ಈಗ ಯಾಕೆ ಕೇಳಿದೆ ಅನ್ನೋದು. ಸೆಪ್ಟೆಂಬರ್ ಮೊದಲ ವಾರ ನಮಗೆ ಕೈಲ್‌ಪೊಳ್ದ್, ಕೊಡವರ ಆಯುಧಪೂಜೆ ಹಬ್ಬ. ಅವತ್ತು ಕೋವಿಯನ್ನು ತೊಳೆದು, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ದೇವರ ಕೋಣೆಯಲ್ಲಿಟ್ಟು ಪೂಜೆ ಮಾಡುತ್ತೇವೆ. ಫೀನಿಕ್ಸ್‌ನಲ್ಲಿ ತೋಕ್ ಪೂ ಸಿಗಲ್ಲ, ಚೆಂಡುಹೂ ಇಡುತ್ತೇನೆ, ಅದು ಬೇರೆ ಮಾತು. ದನದ ಕೊಬ್ಬು ಸವರಿದ ನಳಿಗೆಯನ್ನು ನಾನು ದೇವರ ಮುಂದೆ ಇಡಲಾರೆ. ಹಂದಿ ಕೊಬ್ಬಾದರೆ ನನ್ನದೇನೂ ತಕರಾರಿಲ್ಲ. ಅವತ್ತಿನ ಊಟವೇ ಅಕ್ಕಿಯ ಕಡಂಬುಟ್ಟು, ಹಂದಿಮಾಂಸದ ಪಂದಿ ಕರಿ. ಆದರೆ ನಾನು ಮೇಣವನ್ನು ಅರ್ಧ ಹಂಚಿಕೊಳ್ಳುವ ಗೆಳೆಯರು ಹುಬ್ಬಳ್ಳಿಯ ಸಾಹೇಬರು. ಅವರಿಗೆ ಹಂದಿಯದು ಆಗದು, ದನದ್ದು ಪರವಾಗಿಲ್ಲ. ಹೀಗೆ ನನಗೊಂದು ಬೇಡ, ಅವರಿಗೊಂದು ಬೇಡ. ಡಬ್ಬಿ ಒಂದೇ.

ಇನ್ನು ಜುಲೈ 18. ಸಂಜೆ 6:10ಕ್ಕೆ ಫೋನ್ ಹಚ್ಚಿದೆ. 23 ನಿಮಿಷ ಪಿಯಾನೊ ಕೇಳಿದೆ. ಆಮೇಲೆ ಒಬ್ಬ ಹುಡುಗ ಎತ್ತಿದ. ಪರದೆ ಮೇಲೆ ನನ್ನ ಹೆಸರು ನೋಡಿ ಇಂಗ್ಲಿಷ್ ಬಿಟ್ಟ.

"ಸಾರ್, ಕನ್ನಡದವರಾ?"

"ಹೌದಪ್ಪಾ, ಮಡಿಕೇರಿ ಹತ್ತಿರ."

"ಓ, ಕೂರ್ಗ್! ಹೋದ ತಿಂಗಳು ಹೋಂಸ್ಟೇಗೆ ಬಂದಿದ್ವಿ ಸಾರ್. ಸಖತ್ತಾಗಿತ್ತು."

ನನಗೆ ಜೀವ ಬಂದ ಹಾಗಾಯಿತು. ನಮ್ಮವನು, ಬೆಂಗಳೂರಿಂದ ಮಾತಾಡ್ತಿದ್ದಾನೆ, ಕೆಲಸ ಆಯಿತು ಅಂದುಕೊಂಡೆ. ಕೇಳಿದೆ.

"ನೋಡಪ್ಪಾ, ಈ ಮೇಣದಲ್ಲಿ ದನದ ಕೊಬ್ಬು ಅಥವಾ ಹಂದಿ ಕೊಬ್ಬು ಇದೆಯಾ?"

ಕೀಬೋರ್ಡ್ ಸದ್ದು. "ನ್ಯಾಚುರಲ್ ಅಂತ ಇದೆ ಸಾರ್."

"ಯಾವುದು ನ್ಯಾಚುರಲ್?"

"ಎಲ್ಲಾನೂ ಸಾರ್."

"ದನಾನೂ ನ್ಯಾಚುರಲ್ಲೇ ಅಲ್ವಾ?"

"ಹೌದು ಸಾರ್."

"ಹಾಗಾದ್ರೆ ಇದೆಯಾ?"

"ಅದು ಟ್ರೇಡ್ ಸೀಕ್ರೆಟ್ ಸಾರ್. ಒಂದ್ನಿಮಿಷ, ಸೂಪರ್‌ವೈಸರ್‌ನ ಕೇಳ್ತೀನಿ."

ಅವನು ಮ್ಯೂಟ್ ಒತ್ತಿದ್ದೀನಿ ಅಂದುಕೊಂಡಿದ್ದ. ಒತ್ತಿರಲಿಲ್ಲ. ನನಗೆ ಕೇಳಿಸಿದ್ದು ಇದು: "ಲೋ, ಯಾರೋ ಅಂಕಲ್ಲು ಬುಲೆಟ್ಟು ವೆಜ್ಜಾ ನಾನ್‌ವೆಜ್ಜಾ ಅಂತ ಕೇಳ್ತಿದಾರೆ ಕಣೋ!" ನಾಲ್ಕೈದು ಜನ ನಕ್ಕರು. ಒಬ್ಬರು, ಹೆಣ್ಣು ದನಿ, "ಡಬ್ಬಿ ಮೇಲೆ ಹಸಿರು ಚುಕ್ಕಿ ಇದೆಯಾ ನೋಡ್ಕೊಳೋಕೆ ಹೇಳು" ಅಂದರು. ಮತ್ತೆ ನಗು. ಯಾರೋ ಕುರ್ಚಿ ಎಳೆದುಕೊಂಡು ಹತ್ತಿರ ಬಂದ ಸದ್ದೂ ಕೇಳಿಸಿತು. ನಾನು ಅಡುಗೆಮನೆಯಲ್ಲಿ ನಿಂತಿದ್ದೆ, ಫೋನ್ ಸ್ಪೀಕರಿನಲ್ಲಿತ್ತು. ನನ್ನ ಹೆಂಡತಿ ಬೀನ್ಸ್ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಅವಳೂ ನಕ್ಕಳು. ಹಸಿರು ಚುಕ್ಕಿ ಮಾತು ಚೆನ್ನಾಗಿಯೇ ಇತ್ತು, ಅದನ್ನು ಒಪ್ಪುತ್ತೇನೆ. ಆದರೆ 84 ಡಾಲರ್ ಕೊಟ್ಟವನು ನಾನು.

ಹುಡುಗ ವಾಪಸ್ ಬಂದ.

"ಸಾರ್, ನೀವು ಅದನ್ನ ತಿನ್ನಲ್ಲ ಅಲ್ವಾ?"

"ತಿನ್ನಲ್ಲ."

"ಮತ್ತೆ ಪ್ರಾಬ್ಲಮ್ ಏನು ಸಾರ್? ಹೆಂಗೂ ನೀವು ಪ್ರಾಣಿಗೇ ತಾನೇ ಹೊಡೆಯೋದು?"

"ಕಬ್ಬಿಣದ ಟಗರಿಗೆ ಹೊಡೀತೀನಪ್ಪಾ. 500 ಮೀಟರ್ ದೂರದಲ್ಲಿ ನಿಂತಿರುತ್ತೆ."

ಸ್ವಲ್ಪ ಹೊತ್ತು ಮಾತಿಲ್ಲ. "ಓಕೆ ಸಾರ್" ಅಂದ. ಇದು ಸಿಲೂಯೆಟ್ ಪಂದ್ಯ, 200 ಮೀಟರಿಗೆ ಕೋಳಿ, 300ಕ್ಕೆ ಹಂದಿ, 385ಕ್ಕೆ ಟರ್ಕಿ, 500ಕ್ಕೆ ಟಗರು, ಎಲ್ಲಾ ಉಕ್ಕಿನ ತಗಡು ಅಂತ ವಿವರಿಸಿದೆ. (ತಗಡಿನ ಹಂದಿಗೆ ಹೊಡೆಯೋಕೆ ನಮ್ಮ ಸಾಹೇಬರದ್ದು ಆಕ್ಷೇಪವಿಲ್ಲ. ನನಗಿಂತ ಚೆನ್ನಾಗಿ ಹೊಡೆಯುತ್ತಾರೆ.) ಹುಡುಗ ಎಲ್ಲಾ ಕೇಳಿಸಿಕೊಂಡು ಕೊನೆಗೆ ಅಂದ: "ಸಾರ್, ಈ ಕಾಲ್‌ಗೆ ಐದಕ್ಕೆ ಎಷ್ಟು ಸ್ಟಾರ್ ಕೊಡ್ತೀರಾ?"

ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿಲ್ಲ, ಬಿಡಿ. ನಿಮಗಾದರೂ ಗೊತ್ತಿರಬೇಕಿತ್ತು. ಗುಂಡಿನ ಜಿಡ್ಡಿನಲ್ಲಿ ಏನಿದೆ ಅನ್ನೋ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡದೆ ಕೆಟ್ಟವರಲ್ಲಿ ನೀವು ಮೊದಲಿಗರಲ್ಲ. 1857ರ ಜನವರಿಯಲ್ಲಿ ಕಲ್ಕತ್ತಾ ಹತ್ತಿರದ ಡಂ ಡಂನಲ್ಲಿ ಸಿಪಾಯಿಗಳು ಕೇಳಿದ್ದೂ ಇದೇ. ಹೊಸ ಎನ್‌ಫೀಲ್ಡ್ ಕೋವಿಯ ತೋಟಾ ಕಾಗದಕ್ಕೆ ಕೊಬ್ಬು ಸವರುತ್ತಿದ್ದರು, ಗುಂಡು ನಳಿಗೆಯೊಳಗೆ ಸಲೀಸಾಗಿ ಇಳಿಯಲಿ ಅಂತ. ಆ ಕಾಗದವನ್ನು ಹಲ್ಲಲ್ಲಿ ಕಚ್ಚಿ ಹರಿಯಬೇಕಿತ್ತು. ದನದ್ದೋ ಹಂದಿಯದ್ದೋ ಅಂತ ಸಿಪಾಯಿಗಳು ಕೇಳಿದರು. ನಿಜ ಏನೆಂದರೆ ಕೊಬ್ಬು ಪೂರೈಸುವ ಗುತ್ತಿಗೆದಾರ ಯಾವ ಪ್ರಾಣಿಯದ್ದು ತರುತ್ತಾನೆ ಅಂತ ಮೇಲಿನವರು ಸರಿಯಾಗಿ ವಿಚಾರಿಸಿರಲೇ ಇಲ್ಲ. ಆಮೇಲೆ ಜಿಡ್ಡಿಲ್ಲದ ತೋಟಾ ಕೊಡಿ, ಸಿಪಾಯಿಗಳು ತಮಗೆ ಬೇಕಾದ್ದನ್ನು ತಾವೇ ಹಚ್ಚಿಕೊಳ್ಳಲಿ ಅಂತ ಆದೇಶ ಬಂತು. ಅಷ್ಟರಲ್ಲಿ ಮಾತು ಎಲ್ಲಾ ಕಡೆ ಹರಡಿತ್ತು. ಮೇ 10ಕ್ಕೆ ಮೀರತ್ ಹೊತ್ತಿಕೊಂಡಿತು. ಬೇರೆ ಕಾರಣ ಬೇಕಾದಷ್ಟಿದ್ದವು, ನನಗೂ ಗೊತ್ತು. ಆದರೆ ಕಡ್ಡಿ ಗೀರಿದ್ದು ಈ ಪ್ರಶ್ನೆ.

ಈಸ್ಟ್ ಇಂಡಿಯಾ ಕಂಪನಿ ಕೂಡ ಸ್ಟಾರ್ ಕೇಳಿರಲಿಲ್ಲ.

ಈಗ ಧರ್ಮದ ಮಾತು ಪಕ್ಕಕ್ಕಿಡಿ. ಮೇಣ ಕೆಲಸವನ್ನಾದರೂ ಮಾಡಿತೇ? ಜೂನ್ ಕೊನೆಯ ಶನಿವಾರ, ನನಗಿನ್ನೂ ಡಬ್ಬಿಯ ಬರಹ ಕಣ್ಣಿಗೆ ಬೀಳದಿದ್ದಾಗ, ಬೆನ್ ಆವರಿ ಶೂಟಿಂಗ್ ರೇಂಜಿಗೆ ಹೋಗಿದ್ದೆ. ಒಣ ಹವೆ, ಬೆಳಿಗ್ಗೆ 8ಕ್ಕೇ ಬೆವರು. ಪ್ರತಿ ಈಡಿನ ನಂತರ ಪದ್ಧತಿಯಂತೆ ಕೊಳವೆ ಇಟ್ಟು ನಳಿಗೆಗೆ ಉಸಿರು ಊದಿದೆ, ಮಸಿ ಮೆತ್ತಗಾಗಲಿ ಅಂತ. ಒಳ್ಳೇ ಮೇಣವಾದರೆ ನಾಲ್ಕೈದು ಈಡಿಗೆ ನಳಿಗೆಯ ಬಾಯಿ ಸುತ್ತ ಜಿಡ್ಡಿನ ನಕ್ಷತ್ರ ಮೂಡುತ್ತೆ. ಬೆರಳಿಟ್ಟರೆ ಜಾರುತ್ತೆ. ಮೇಣ ಕೊನೇ ತನಕ ಬಂತು ಅನ್ನೋದಕ್ಕೆ ಅದೇ ಸಾಕ್ಷಿ. ನಿಮ್ಮ ಮೇಣದಲ್ಲಿ ಬಾಯಿ ಒಣ ಒಣ. ಏಳನೇ ತೋಟಾ ಅರ್ಧಕ್ಕೆ ಸಿಕ್ಕಿಕೊಂಡಿತು, ಹೆಬ್ಬೆರಳಲ್ಲಿ ಎಷ್ಟು ಒತ್ತಿದರೂ ಒಳಗೆ ಹೋಗಲಿಲ್ಲ. ಒದ್ದೆ ಬಟ್ಟೆ ತೂರಿಸಿದೆ. ಕರಿಮದ್ದಿನ ಮಸಿ ನೀರಿಗೆ ಕರಗಬೇಕು. ಬಟ್ಟೆ ಮೇಲೆ ಬಂದದ್ದು ಡಾಂಬರು. ಎಳೆ ಎಳೆಯಾಗಿ ಎಳೆಯುತ್ತಿತ್ತು, ಹಲಸಿನ ಹಣ್ಣಿನ ಅಂಟಿನ ಹಾಗೆ. ನಿಮ್ಮದೇ ಕರಪತ್ರದ ಎರಡನೇ ಪುಟದಲ್ಲಿ 'ಕರಿಮದ್ದಿನ ಜೊತೆ ಪೆಟ್ರೋಲಿಯಂ ಗ್ರೀಸ್ ಬಳಸಿದರೆ ಡಾಂಬರಿನಂಥ ಅಂಟು ಕಟ್ಟುತ್ತದೆ' ಎಂದಿದೆ. ಅದನ್ನು ಬರೆದವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಅಂದಮೇಲೆ ಮೂರನೇ ಪ್ರಶ್ನೆಯೂ ಹುಟ್ಟಿತು: ದನ, ಹಂದಿ ಬಿಡಿ, ಅದರಲ್ಲಿ ಪೆಟ್ರೋಲಿಯಂ ಇದೆಯಾ? ಭೂಮಿಯೊಳಗಿಂದ ಬಂದದ್ದು, ಅದೂ ನ್ಯಾಚುರಲ್ಲೇ. ಹಾವಿನ ವಿಷವೂ ನ್ಯಾಚುರಲ್.

ಬಿಸಿಲಿನ ಮಾತು. ಡಬ್ಬಿ ಮೇಲೆ 130 ಡಿಗ್ರಿ ಫ್ಯಾರನ್‌ಹೀಟ್ ತನಕ ಕರಗದು ಎಂದಿದೆ. ಫೀನಿಕ್ಸ್‌ಗೆ ಸೆಕೆ ಹೊಸದಲ್ಲ. 2023ರಲ್ಲಿ ಸತತ 31 ದಿನ 110 ಡಿಗ್ರಿ ಮುಟ್ಟಿದ ಊರು ಇದು. ಜುಲೈ 12ರಂದು ನನ್ನ ಗ್ಯಾರೇಜಿನಲ್ಲಿ 116 ಇತ್ತು, ಥರ್ಮಾಮೀಟರಿನ ಫೋಟೊ ಜೊತೆಗಿದೆ. ಅವತ್ತು ಉಳಿದ ಹತ್ತು ಕಡ್ಡಿಯೂ ಕಪಾಟಿನ ತಳದಲ್ಲಿ ಒಂದೇ ಕೆರೆಯಾಗಿ ನಿಂತಿದ್ದವು. ಜೇನುಮೇಣ ಕರಗುವುದು ಸುಮಾರು 145 ಡಿಗ್ರಿಗೆ. ಎಣ್ಣೆ ಬೆರೆಸಿದರೆ ಮೆತ್ತಗಾಗಬಹುದು, ನೀರಾಗಬಾರದು. ನೀವು ಹೇಳಿದಷ್ಟು ಜೇನುಮೇಣ ಅದರಲ್ಲಿ ಇಲ್ಲ. ಜೇನುಹುಳ ಆ ಕಾರ್ಖಾನೆ ಪಕ್ಕ ಹಾರಿ ಹೋಗಿರಬಹುದು, ಅಷ್ಟೇ.

ಈಗ ನಾನೇ ಐದು ಪಾಲು ಜೇನುಮೇಣ, ನಾಲ್ಕು ಪಾಲು ಸಸ್ಯದ ಎಣ್ಣೆಯ ಡಾಲ್ಡಾ, ಒಂದು ಪಾಲು ಕ್ಯಾನೋಲ ಎಣ್ಣೆ ಬಿಸಿನೀರಿನ ಪಾತ್ರೆ ಮೇಲಿಟ್ಟು ಕರಗಿಸುತ್ತಿದ್ದೇನೆ. ಪಾತ್ರೆ ಬೇರೆ, ಸೌಟು ಬೇರೆ, ಇಲ್ಲಾಂದ್ರೆ ಮನೆಯಲ್ಲಿ ಜಾಗವಿಲ್ಲ. ಹತ್ತು ಈಡು ಸಲೀಸಾಗಿ ಹೋಗುತ್ತವೆ, ನಕ್ಷತ್ರವೂ ಮೂಡುತ್ತೆ. ಸಾಹೇಬರೂ ಅದನ್ನೇ ಒಯ್ಯುತ್ತಾರೆ.

ದುಡ್ಡು ವಾಪಸ್ ಕೇಳಿದ್ದಕ್ಕೆ ನಿಮ್ಮ ಉತ್ತರ: 'ತೆರೆದ ಡಬ್ಬಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.' ಅದು ನಿಮ್ಮ ನಿಯಮ 6. ದಯವಿಟ್ಟು ಒಂದು ಸಾಲು ಕೆಳಗೆ ಬನ್ನಿ. ನಿಯಮ 7: ಹೇಳಿದ್ದೊಂದು, ಕಳಿಸಿದ್ದೊಂದು ಆದರೆ 180 ದಿನದೊಳಗೆ, ಡಬ್ಬಿ ತೆರೆದಿದ್ದರೂ, ಪೂರ್ತಿ ಹಣ ವಾಪಸ್. ನಿಮ್ಮ ನಿಯಮ ನಿಮಗೆ ಗೊತ್ತಿರುತ್ತೆ ಅಂತ ನಂಬಿ ಇಷ್ಟು ದಿನ ಸುಮ್ನೆ ಇದ್ದೆ. ವೆಬ್‌ಸೈಟಿನ ಹಳೇ ಪುಟದ ಪ್ರತಿ, ಡಬ್ಬಿಯ ಫೋಟೊ ಎರಡೂ ಲಗತ್ತಿಸಿದ್ದೇನೆ. ಮೊನ್ನೆ ನೋಡಿದರೆ ಆ ಪುಟದಲ್ಲೂ 'ಸಸ್ಯ' ಹೋಗಿ 'ನೈಸರ್ಗಿಕ' ಬಂದಿದೆ. ನನ್ನ ಇಮೇಲ್ ಯಾರೋ ಓದಿದ್ದಾರೆ ಅಂತಾಯಿತು. ಸಂತೋಷ.

ಹತ್ತು ದಿನ ಕಾಯುತ್ತೇನೆ. 95 ಡಾಲರ್ ಬರಬೇಕು, ಮೇಣದಲ್ಲಿ ಏನಿದೆ ಅಂತ ಬರಹದಲ್ಲಿ ಬರಬೇಕು. ಬರದಿದ್ದರೆ ಕ್ರೆಡಿಟ್ ಕಾರ್ಡ್ ಬ್ಯಾಂಕಿಗೆ ತಕರಾರು ಹೋಗುತ್ತೆ, ಅರಿಜೋನಾದ ಅಟಾರ್ನಿ ಜನರಲ್ ಕಚೇರಿಗೆ ಗ್ರಾಹಕ ದೂರು ಹೋಗುತ್ತೆ. ಎರಡೂ ಬರೆದಿಟ್ಟಿದ್ದೇನೆ, ತಾರೀಕು ಹಾಕುವುದೊಂದೇ ಬಾಕಿ.

ಕೆರೆಯಾದ ಮೇಣವನ್ನು ಒಂದು ಗಾಜಿನ ಬಾಟಲಿಗೆ ತುಂಬಿದ್ದೇನೆ. ಅದರಲ್ಲಿ ಒಂದು ಚಮಚ ಲ್ಯಾಬಿಗೆ ಹೋಗಿದೆ. ಉತ್ತರ ನಿಮ್ಮದು ಮೊದಲು ಬರುತ್ತೋ ಅವರದ್ದೋ ನೋಡೋಣ. ಉಳಿದದ್ದನ್ನು ಮುಂದಿನ ಪಂದ್ಯದ ದಿನ ನೋಂದಣಿ ಮೇಜಿನ ಮೇಲೆ ಇಡುತ್ತೇನೆ, ಪಕ್ಕದಲ್ಲಿ ನಿಮ್ಮ ಡಬ್ಬಿ, ಅದರ ಪಕ್ಕ ಆ ಡಾಂಬರು ಬಟ್ಟೆ. ಏನಿದು ಅಂತ ಯಾರಾದರೂ ಕೇಳಿದರೆ ಒಂದೇ ಮಾತು ಹೇಳುತ್ತೇನೆ: ನ್ಯಾಚುರಲ್.

ಇಂತಿ,
ಒಂದು ಕಾಲದಲ್ಲಿ ನಿಮ್ಮ ಗ್ರಾಹಕ,
ಫೀನಿಕ್ಸ್, ಅರಿಜೋನಾ

ತಾ.ಕ.: ಆ ಹುಡುಗನ ಮೇಲೆ ಕ್ರಮ ತೆಗೆದುಕೊಂಡರೆ ಇನ್ನೊಂದು ಪತ್ರ ಬರುತ್ತೆ, ಇದಕ್ಕಿಂತ ಉದ್ದದ್ದು. ಮ್ಯೂಟ್ ಬಟನ್ ಎಲ್ಲಿದೆ ಅಂತ ಮಾತ್ರ ತೋರಿಸಿಕೊಡಿ.