ಹಲ್ಲಿನ ಡಾಕ್ಟ್ರೇ, ಸ್ವಲ್ಪ ಊದಿಸಿ ನೋಡಿ

ಮಾನ್ಯ ಸಂಪಾದಕರೇ,

ಸಿಗರೇಟು ಬಿಡುವ ಬಗ್ಗೆ ಪತ್ರಿಕೆಗಳಲ್ಲಿ ಬರುವುದೆಲ್ಲ ಶ್ವಾಸಕೋಶ, ಹೃದಯದ ಕಥೆಯೇ. ನನ್ನ ಚಟ ಬಿಡಿಸಿದ್ದು ಹಲ್ಲಿನ ಡಾಕ್ಟರು. ಅದಕ್ಕೇ ಈ ಪತ್ರ.

19 ವರ್ಷ ಸೇದಿದೆ. ದಿನಕ್ಕೆ ಹತ್ತು ಸಿಗರೇಟು, ತಿಂಗಳ ಕೊನೆಯಲ್ಲಿ ಕೈ ಖಾಲಿಯಾದರೆ ಬೀಡಿ. ಹಲ್ಲಿನ ಕರೆ ತೆಗೆಸೋಕೆ ಅಂತ ಆಗಾಗ ಕ್ಲಿನಿಕ್‌ಗೆ ಹೋಗುತ್ತಿದ್ದೆ, ಮೂರು ಕಡೆ ತೋರಿಸಿದ್ದೇನೆ, ಒಬ್ಬರೂ "ಸೇದ್ತೀರಾ?" ಅಂತ ಕೇಳಲಿಲ್ಲ. ಹಲ್ಲು ನೋಡಿದರೆ ಗೊತ್ತಾಗಲ್ವಾ? ದುಡ್ಡು ತಗೊಂಡರು, ಬೆಳ್ಳಗೆ ಮಾಡಿ ಕಳಿಸಿದರು.

ನನಗೂ ಒಂದು ಜಂಬ ಇತ್ತು. ಮನೆಯವಳು ಬ್ರಶ್ ಮಾಡಿದರೆ ವಸಡಲ್ಲಿ ರಕ್ತ, ನನಗೆ ಒಂದು ಹನಿ ಇಲ್ಲ. ಆಮೇಲೆ ಒಂದು ದವಡೆ ಹಲ್ಲು ಅಲುಗಾಡೋಕೆ ಶುರುವಾಗಿ ಡೆಂಟಲ್ ಕಾಲೇಜಿಗೆ ಹೋದಾಗ ಅಲ್ಲಿನ ಹುಡುಗಿ ಡಾಕ್ಟರು ಗೆರೆ ಹಾಕಿದ ಸಣ್ಣ ಕಡ್ಡಿಯೊಂದನ್ನು ವಸಡಿನೊಳಗೆ ಇಳಿಸಿ ಅಳೆದರು. 3 ಮಿಲಿಮೀಟರ್ ಒಳಗಿರಬೇಕಾದದ್ದು ನನಗೆ 6, 7 ಇಳಿಯಿತು. ನಿಕೋಟಿನ್ ವಸಡಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಅದಕ್ಕೇ ಒಳಗೆ ರೋಗ ಬೆಳೆದರೂ ಹೊರಗೆ ರಕ್ತ ಕಾಣುವುದು ಕಡಿಮೆ ಅಂದರು. ಜಂಬ ಅಲ್ಲಿಗೆ ಇಳಿಯಿತು.

ಆಮೇಲೆ ಕೈಗೊಂದು ಪುಟ್ಟ ಯಂತ್ರ ಕೊಟ್ಟು, 15 ಸೆಕೆಂಡ್ ಉಸಿರು ಬಿಗಿಹಿಡಿದು ಊದಿ ಅಂದರು. "ಅಂಕಲ್, 22 ಬಂತು. ಸೇದದವರಿಗೆ 6ರ ಒಳಗಿರುತ್ತೆ." (ಅಂಕಲ್ ಅಂದದ್ದು ಬೇರೆ ನೋವು, ಬಿಡಿ.) ಯಂತ್ರ ಅಳೆಯುವುದು ಉಸಿರಲ್ಲಿರುವ ಕಾರ್ಬನ್ ಮೊನಾಕ್ಸೈಡ್, ಸಿಗರೇಟಿನ ಹೊಗೆಯಿಂದ ಮೈ ಸೇರುವ ವಿಷಾನಿಲ, ಹತ್ತು ಲಕ್ಷ ಪಾಲಿಗೆ ಎಷ್ಟು ಪಾಲು ಅಂತ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಇದು ಬಂದು ಕೂರುತ್ತದೆ. ಬೈಕಿನ ಎಮಿಷನ್ ಟೆಸ್ಟ್‌ನಲ್ಲಿ ಅಳೆಯುವುದೂ ಇದೇ ಅನಿಲ. ಬೈಕಿಗೆ ತಪ್ಪದೆ ಮಾಡಿಸುತ್ತಿದ್ದೆ ನೋಡಿ!

ಪ್ಯಾಕಿನ ಮೇಲಿನ ಚಿತ್ರ ನನ್ನನ್ನು ಅಲುಗಿಸಿರಲಿಲ್ಲ, ಈ 22 ಅಲುಗಿಸಿತು. ಚಿತ್ರ ಯಾರದೋ, 22 ನನ್ನದು. ಎರಡು ದಿನ ಸೇದದೆ ಹೋಗಿ ಊದಿದೆ, 4. ಪಾಸಾದ ಹುಡುಗನ ಖುಷಿ. ಮೂರನೇ ವಾರ ಮದುವೆ ಮನೆಯಲ್ಲಿ ಜಾರಿದೆ, ಮರುದಿನ ಬೆಳಿಗ್ಗೆ ಹೋಗಿ "ಇಲ್ಲ, ಸೇದಿಲ್ಲ" ಅಂದೆ, ಯಂತ್ರ 11 ಅಂತು. ಅವರು ಬೈಯಲಿಲ್ಲ, ಬರೆದುಕೊಂಡು ಮುಂದಿನ ವಾರ ಬನ್ನಿ ಅಂದರು ಅಷ್ಟೇ.

ಯಂತ್ರಕ್ಕೂ ಮಿತಿ ಇದೆ. ಒಂದೆರಡು ದಿನ ಬಿಟ್ಟರೆ ಅಂಕಿ ಇಳಿದುಬಿಡುತ್ತದೆ, ಗುಟ್ಕಾ ಹಾಕುವವರದಂತೂ ಊದಿದರೆ ಗೊತ್ತೇ ಆಗಲ್ಲ. ಅವರಿಗೆ ಎಂಜಲು ಪರೀಕ್ಷೆ ಇದೆ, ಕೊಟಿನಿನ್ ಅಂತ, ನಿಕೋಟಿನ್ ಕರಗಿ ಆಗುವ ವಸ್ತು, ಕೆಲವು ದಿನ ಮೈಯಲ್ಲಿ ಉಳಿಯುತ್ತದೆ. ಆದರೆ ಚಟ ಬಿಡೋಕೆ ಅಂತ ನಿಕೋಟಿನ್ ಚೂಯಿಂಗ್ ಗಮ್ ಅಗಿಯುವವರಿಗೂ ಅದು ಬರುತ್ತದೆ, ನನ್ನಂಥ ಸಿಗರೇಟಿನವರಿಗೆ ಊದುವುದೇ ಸರಿ. ಇನ್ನೊಂದು ಮಾತು: ಬಿಟ್ಟ ಕೆಲವು ವಾರಕ್ಕೆ ವಸಡಲ್ಲಿ ರಕ್ತ ಬರಬಹುದು. ನನಗೆ ಬಂತು. ರಕ್ತ ಓಡಾಟ ಮರಳಿದ್ದರ ಗುರುತು ಅದು, ಬಿಟ್ಟಿದ್ದಕ್ಕೇ ರೋಗ ಬಂತು ಅಂತ ಮತ್ತೆ ಹಚ್ಚಬೇಡಿ, ಡಾಕ್ಟರಿಗೆ ತೋರಿಸಿ.

2016-17ರ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ ವಯಸ್ಕರಲ್ಲಿ ಶೇ 22.8ರಷ್ಟು ಜನ ತಂಬಾಕು ಬಳಸುತ್ತಿದ್ದರು. ಇಂಥವರಲ್ಲಿ ಬಹಳ ಜನ ಆರೋಗ್ಯ ತಪಾಸಣೆಗೆ ಅಂತ ಎಲ್ಲೂ ಹೋಗಲ್ಲ, ಆದರೆ ಹಲ್ಲುನೋವು ಬಂದರೆ ಹೋಗಲೇಬೇಕು. ಅಲ್ಲಿ ಬಾಯಿ ತೆರೆದು ಕೂತವನಿಗೆ ವಾದ ಮಾಡೋಕೂ ಆಗಲ್ಲ! ಕಾಲೇಜುಗಳಲ್ಲಿ ಮಾತ್ರವಲ್ಲ, ಬೀದಿ ಬೀದಿಯ ಖಾಸಗಿ ಕ್ಲಿನಿಕ್‌ಗಳಲ್ಲೂ ಈ ಯಂತ್ರ ಇರಲಿ. ಲಕ್ಷಗಟ್ಟಲೆ ಕೊಟ್ಟು ಕುರ್ಚಿ ತರುವವರಿಗೆ ಇದೇನು ಭಾರವಲ್ಲ. ದಂತವೈದ್ಯರ ಸಂಘ, ಆರೋಗ್ಯ ಇಲಾಖೆ ಕೂತು ಮಾತಾಡಲಿ. ಅಲ್ಲಿವರೆಗೆ ಸೇದುವವರು ಪ್ಯಾಕಿನ ಮೇಲೇ ಇರುವ 1800-11-2356ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೂ ಮಾತಾಡುತ್ತಾರೆ.

– ಒಬ್ಬ ಓದುಗ, ದಾವಣಗೆರೆ